ಈರುಳ್ಳಿ ಲೆಕ್ಕ

ಜುಬೈಲಿನ ಕ್ಯಾಂಪು, ಹದಿನೇಳನೇ ರೂಮು.
ಶುಕ್ರವಾರ ಮಧ್ಯಾಹ್ನ ಮೆಸ್ಸಿನ ಲೆಕ್ಕ ಓದುತ್ತಾನೆ ಮಯ್ಯದ್ದಿ.
ನಾವೇ ಕೈಯೆತ್ತಿ ಆರಿಸಿದ ಮ್ಯಾನೇಜರು,
ಆದರೂ ಭೀಮರಾಯ ಬಿಡುವುದಿಲ್ಲ:
"ಈರುಳ್ಳಿಗೆ ಒಂಬತ್ತು ರಿಯಾಲೇ? ಚೀಟಿ ಎಲ್ಲಿ?"
ಬೆವರುತ್ತ ಕಿಸೆ ತಡಕುತ್ತಾನೆ ಮಯ್ಯದ್ದಿ,
ಮೀನಿನ ವಾಸನೆಯ ಚೀಟಿ ಕೈಯಿಂದ ಕೈಗೆ ಸುತ್ತುತ್ತದೆ,
ಓದಲು ಬಾರದವರೂ ಒಮ್ಮೆ ಮುಟ್ಟಿ ನೋಡುತ್ತಾರೆ.

ಆಫೀಸಿನ ಗೋಡೆಯ ಮೇಲೆ ಕಾನೂನು ಇದೆ,
ಗಾಜು ಹಾಕಿದ್ದು, ಮೂರು ಭಾಷೆಯಲ್ಲಿ.
ನಮ್ಮದು ನಾಲ್ಕನೆಯದು.
ಪಾಸ್‌ಪೋರ್ಟು ನಿಮ್ಮ ಬಳಿಯೇ ಇರತಕ್ಕದ್ದು ಅನ್ನುತ್ತದಂತೆ;
ಅದರ ಕೆಳಗೇ ಬೀಗ ಹಾಕಿದ ಬೀರು,
ಒಳಗೆ ನಾವೆಲ್ಲ.

ಯಾರು ಬರೆದರು ಇದನ್ನು, ಯಾರು ಕೈಯೆತ್ತಿದರು?
ಒಂಬತ್ತು ರಿಯಾಲಿಗಿಂತ ದೊಡ್ಡ ಪ್ರಶ್ನೆ, ನುಂಗಿಕೊಂಡೆವು.

ಭಾನುವಾರ ಸರದಿಯಲ್ಲಿ ನಿಂತ ಭೀಮರಾಯ
ಬೀರುವನ್ನೇ ನೋಡುತ್ತ, ಹಳೇ ಚಾಳಿ,
"ಚೀಟಿ?" ಅಂದ.