ಯಾವ ಅಲೆಯಲ್ಲಿ

ತಾಲಿನ್‌ನಿಂದ ಹೆಲ್ಸಿಂಕಿಗೆ ಎರಡು ಗಂಟೆಯ ಹಡಗು.
ಹತ್ತುವಾಗ ವೀನೆರ್ ಎಂದರೆ ಬೇಯಿಸಿದ ಸಾಸೇಜು,
ಇಳಿಯುವಾಗ ವೀನೆರಿ ಎಂದರೆ ಸಕ್ಕರೆ ಸವರಿದ ಬನ್ನು.
ನಡುನೀರಿನ ಯಾವುದೋ ಒಂದು ಅಲೆ
ಇದನ್ನು ಅದು ಮಾಡುತ್ತದೆ.
ಯಾವ ಅಲೆ ಎಂದು ಹೆಲ್ವೆಗೆ ಹತ್ತೊಂಬತ್ತು ವರ್ಷವಾದರೂ ಗೊತ್ತಾಗಿಲ್ಲ.
ಅದಕ್ಕೇ ಹಡಗಿನಲ್ಲಿ ಏನನ್ನೂ ಕೊಳ್ಳುವುದಿಲ್ಲವಂತೆ.
ಚೀಲದಲ್ಲಿ ಕಪ್ಪು ರೊಟ್ಟಿ, ಒಂದು ಮೊಟ್ಟೆ,
ಕಾಗದದಲ್ಲಿ ಕಟ್ಟಿದ ಉಪ್ಪು.

ನನಗೂ ಒಂದು ಚಿಟಿಕೆ ಕೊಟ್ಟು ಶುರು ಮಾಡಿದಳು:

ಮೂರನೆಯ ಮಹಡಿಯ ಬಾಗಿಲು ತೆರೆದವನು ಕೌಕೊ,
ಟ್ರಾಮುಗಳ ಬ್ರೇಕು ರಿಪೇರಿ ಮಾಡಿ ನಿವೃತ್ತನಾದವನು.
‘ತುಲಿನ್ ರೂಮೆ ಕೊರಿಸ್ತಮ’ ಎಂದೆ.
ಅಂದರೆ, ರೂಮು ಗುಡಿಸಲು ಬಂದೆ.
(ರೂಮು ಅಂದರೆ ನಮ್ಮ ರೂಮೇ
ಎಂದು ನಾನು ಹಿಗ್ಗುವಷ್ಟರಲ್ಲಿ)
ಅದೇ ಮಾತು ಅವನ ಕಿವಿಗೆ ಇಳಿದದ್ದು ಹೀಗೆ:
ಹೆಣ ಸಿಂಗರಿಸಲು ಬಂದೆ.

ಆತ ನಗಲಿಲ್ಲ.
ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತ.
‘ತಡವಾಯಿತು. ಮಂಗಳವಾರವೇ ಒಯ್ದರು.’
ಹೆಂಡತಿಯ ಚಪ್ಪಲಿ ಇನ್ನೂ ಹೀಟರಿನ ಕೆಳಗಿತ್ತು.

ಕಾಫಿಗೆ ಪೀಮ್ ಕೇಳಿದಳು, ಹಾಲು.
ಪೀಮ್ಯಾ ತಂದಿಟ್ಟ, ಹುಳಿ ಮಜ್ಜಿಗೆ.
ಲೋಟದೊಳಗೆ ಕಾಫಿ ಒಡೆದು ಮೋಡಗಟ್ಟಿತು.
ಒಂಟಿ ಗಂಡಸು, ಹಾಲು ಕೆಟ್ಟದ್ದೂ ಗೊತ್ತಿಲ್ಲ, ಪಾಪ,
ಎಂದು ಈಕೆ ಕುಡಿದಳು.
ಆಚೆ ದಡದವರು ಕಾಫಿ ಕುಡಿಯುವುದೇ ಹೀಗೆ ಎಂದು
ಆತ ವಾರವಾರವೂ ಮಜ್ಜಿಗೆ ಕೊಂಡು ತಂದ.
ನಾಲ್ಕು ತಿಂಗಳು.
ಇಬ್ಬರೂ ತುಟಿ ಬಿಚ್ಚಲಿಲ್ಲ.

ಇನ್ನೊಮ್ಮೆ ಬಚ್ಚಲಿನಿಂದ ಕೂಗಿದಳು:
ಗೋಡೆಯ ಮೇಲೆ ಹಲ್ಲಿತುಸ್!
ನಾನು ಹಲ್ಲಿ ಅಂದುಕೊಂಡೆ. ಆ ಚಳಿಯಲ್ಲಿ ಎಲ್ಲಿಯ ಹಲ್ಲಿ,
ಲೊಚಗುಟ್ಟಿ ಶಕುನ ಹೇಳಲಿಕ್ಕೆ.
ಈಕೆಗೆ ಅದು ಬೂಷ್ಟು. ಆತನಿಗೆ ಸರ್ಕಾರ.
‘ಇವತ್ತೋ ನಾಳೆಯೋ ಬೀಳುತ್ತದಂತೆ, ರೇಡಿಯೋದಲ್ಲಿ ಬಂತು.’
‘ತಾನಾಗಿ ಬೀಳುವುದಿಲ್ಲ, ಉಜ್ಜಬೇಕು.’

ಕಾಲು ಊದಿಕೊಂಡ ಚಳಿಗಾಲ, ಆಸ್ಪತ್ರೆಗೆ ನಡೆ ಎಂದರೆ
ಹಾಸಿಗೆಯಿಂದಲೇ ಗಾದೆ ಎಸೆದ:
ಓಮ ತುಪ, ಓಮ ಲುಪ.
ನನ್ನ ಮನೆ, ನನ್ನ ಅಪ್ಪಣೆ.
ಈಕೆಯ ಅಜ್ಜಿಯದೂ ಅದೇ ಗಾದೆ,
ಓಮ ತುಬ, ಓಮ ಲುಬ,
ಹಲ್ಲುದುರಿದ ಬಾಯಲ್ಲಿ ಪಕಾರ ಮೆತ್ತಗಾಗಿ ಬಕಾರವಾದ ಹಾಗೆ.
ಜಗಳವಾಡಲು ಬಂದವಳು
ಮಂಚದ ತುದಿಗೆ ಕೂತುಬಿಟ್ಟಳು.

ನಿನಗೆ ತುಂಬ ಇಷ್ಟದ ಮಾತು ಯಾವುದು
ಎಂದು ಕೇಳಿದ್ದೆ ನಾನು. ಅದಕ್ಕೇ ಇಷ್ಟೆಲ್ಲ.
ಮೊಟ್ಟೆಯ ಸಿಪ್ಪೆ ಕಾಗದಕ್ಕೆ ಮಡಿಚುತ್ತ ಈಗ ಹೇಳಿದಳು:
ತಸ ಸೊವದ್, ಕೌಗೆಲೆ ಯೊವದ್.
ಮೆಲ್ಲಗೆ ಹುಟ್ಟು ಹಾಕು, ದೂರ ಮುಟ್ಟುತ್ತೀ.
ಕೌಗೆಲೆ ಅಂದರೆ ದೂರಕ್ಕೆ.
ಆ ದಡದಲ್ಲಿ ಕೌಕೊ ಎಂಬ ಹೆಸರಿಗೂ
ದೂರ ಅಂತಲೇ ಅರ್ಥವಂತೆ.

ನಮ್ಮಲ್ಲಿ ದೋಣಿಯ ಕೋಲಿಗೆ ಹುಟ್ಟು ಅನ್ನುತ್ತೇವೆ, ಎಂದೆ,
ಮಗು ಲೋಕಕ್ಕೆ ಬರುವುದಕ್ಕೂ ಅದೇ.
ಹುತ್ತು, ಹುತ್ತು, ಎಂದು ಎರಡು ಸಲ ಬಾಯಲ್ಲಿ ಹೊರಳಿಸಿ
ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು:
ಅವನ ಭಾಷೆಯಲ್ಲಿ ಅದು ಗಂಜಿ!
ಹೇಳಿದ್ದರೆ ಒಂದು ಬಟ್ಟಲು ತಂದಿಡುತ್ತಿದ್ದ.

ಇಡುತ್ತಿದ್ದ.

ಮಾರ್ಚಿಯಲ್ಲಿ, ಒಂದು ಗುರುವಾರ,
ಕೀಲಿ ತಿರುಗಿಸಿ ಒಳಹೋದವಳು
ನೆಲ ಒರೆಸಿದಳು, ಕಿಟಕಿ ತೆರೆದಳು,
ನೀಲಿ ಅಂಗಿಗೆ ಇಸ್ತ್ರಿ ಹಾಕಿ ತೊಡಿಸಿದಳು,
ಒದ್ದೆ ಬಾಚಣಿಗೆಯಲ್ಲಿ ಬೈತಲೆ ತೆಗೆದಳು,
ಆಮೇಲೆ ಫೋನು ಮಾಡಿದಳು.
‘ಮೊದಲ ದಿನ ನಾನು ಆಡಿದ ಮಾತು
ಅವತ್ತು ಎರಡು ಭಾಷೆಯಲ್ಲೂ ಸರಿಹೋಯಿತು’ ಎಂದಳು.

ಚರ್ಚಿನ ಬಿಳಿ ಗೋಡೆ ಮಂಜಿನಲ್ಲಿ ಮೂಡುತ್ತಿತ್ತು.
ಏನನ್ನೂ ಕೊಳ್ಳದ ಹೆಲ್ವೆ ಎದ್ದು ಕೌಂಟರಿಗೆ ಹೋಗಿ
ಪೀಮ್ಯಾ ಎಂದಳು, ‘ಯಾ’ ಒತ್ತಿ, ಸ್ಪಷ್ಟವಾಗಿ.
ತಂದು ಕಾಫಿಗೆ ಸುರಿದಳು.
ಒಡೆಯಲಿ ಎಂದು ಕಾದಳು.