ಕೆಳಗಿನಿಂದ ಮೇಲಕ್ಕೆ

ಒದ್ದೆಯಾದದ್ದು ಕಾಲಡಿಯ ಮ್ಯಾಟು.
ಹಾಗೆಂದು ನೀರು ಅಲ್ಲಿಂದಲೇ ಬಂತು ಅನ್ಬೇಡಿ,
ಎಂದರು ಉಪ್ಪಳ ಕೈಕಂಬದ ಎಲೆಕ್ಟ್ರಿಷನ್ ಹಸೈನಾರ್,
ಈ ಕಿವಿಯ ಮೇಲಿನ ಬೀಡಿಯನ್ನು
ಆ ಕಿವಿಗೆ ವರ್ಗಾಯಿಸುತ್ತ.

ತೊಂಬತ್ತಾರರ ಮಾರುತಿ.
ಬಿಳಿ ಎಂದು ಆರ್‌ಸಿಯಲ್ಲಿ ಬರೆದಿದೆ.
ಆಟಿ ಹುಟ್ಟಿದಂದಿನಿಂದ ಬೆಳಗ್ಗೆ ಕೀ ತಿರುಗಿಸಿದರೆ
ಟಿಕ್, ಅಷ್ಟೆ.
ಒಂದು ರಾತ್ರಿ ವೈಪರು ತಾನಾಗಿ ಎರಡು ಸಲ ಆಡಿ ನಿಂತು,
ಅಡಿಯಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು.

ಮಂಜೇಶ್ವರದ ರಿಜಿಸ್ಟ್ರಾರ್ ಆಫೀಸಿನೆದುರು
ಆಧಾರ ಬರೆಯುವವಳು ನಾನು.
ಮೂವತ್ತು ವರ್ಷದ ಋಣಭಾರ ತೆಗೆಸದೆ
ಮೂರು ಸೆಂಟು ಜಾಗಕ್ಕೂ ಯಾರಿಂದಲೂ ಸಹಿ ಹಾಕಿಸಿದ್ದಿಲ್ಲ.
ಈ ಕಾರಿನ ಹಿಂದಿನದನ್ನು ಮಾತ್ರ ಕೇಳಲಿಲ್ಲ.
ಅಗ್ಗಕ್ಕೆ ಸಿಕ್ಕಿತ್ತಲ್ಲ.

ಬ್ಯಾಟರಿಯ ಒಂದು ತಂತಿ ಬಿಚ್ಚಿ
ನಡುವೆ ಪುಟ್ಟ ಬಲ್ಬು ಸಿಕ್ಕಿಸಿದರು.
ಬಾಗಿಲೆಲ್ಲ ಮುಚ್ಚಿದೆ, ಸ್ವಿಚ್ಚೆಲ್ಲ ಆಫ್,
ಬಲ್ಬು ಉರಿಯುತ್ತಿದೆ.
ಒಳಗೆ ಯಾರೋ ಕುಡೀತಾ ಇದ್ದಾರೆ ಮಾರಾಯ್ರೆ.

ಒಂದೊಂದೇ ಫ್ಯೂಸು ಕಿತ್ತು ನನ್ನ ಅಂಗೈಗೆ ಹಾಕಿದರು.
ಹಾರ್ನಿನದು. ಉರಿಯುತ್ತಿದೆ.
ಫ್ಯಾನಿನದು. ಉರಿಯುತ್ತಿದೆ.
ಕೊನೆಗೆ ಎಲ್ಲವೂ ನನ್ನ ಕೈಯಲ್ಲಿ,
ಶಾಲೆಯೆದುರಿನ ಅಂಗಡಿಯ ಮಿಠಾಯಿಯಂತೆ
ಕೆಂಪು, ನೀಲಿ, ಹಳದಿ.
ಉರಿಯುತ್ತಲೇ ಇದೆ.
ಪಟ್ಟಿಯಲ್ಲಿ ಹೆಸರಿಲ್ಲದ ವಾರಸುದಾರ
ಎಲ್ಲೋ ಕೂತು ಉಣ್ಣುತ್ತಿದ್ದಾನೆ.

ಕಾರ್ಪೆಟ್ ಎಬ್ಬಿಸಿದರು.
ಒಂದು ನಾಲ್ಕಾಣೆ. ಒಂದು ಸೀಟಿ.
ಎರಡು ಹೆಸರುಕಾಳು, ಮೊಳಕೆ ಬಂದದ್ದು.
ತಗಡು ಒರೆಸಿ ಒಣಗಿಸಿ ಪೌಡರು ಉದುರಿಸಿದರು,
ಮಿಂದ ಮಗುವಿನ ಬೆನ್ನಿಗೆ ಉದುರಿಸಿದ ಹಾಗೆ.
ನೀವು ಒಳಗೆ ಕೂತ್ಕೊಳ್ಳಿ, ಟಾರ್ಚು ಹಿಡೀರಿ,
ಕಣ್ಣು ಮಿಟುಕಿಸ್ಬೇಡಿ.

ಕೆಟಲಿನ ಮೂತಿಯಿಂದ, ಕೆಳಗಿನಿಂದ ಮೇಲಕ್ಕೆ.
ಮೇಲಿನಿಂದ ಸುರಿದರೆ ಎಲ್ಲವೂ ಸೋರುತ್ತದಂತೆ,
ಯಾವುದನ್ನು ಹಿಡಿಯುವುದು?
ಬಾಗಿಲಿನ ರಬ್ಬರು. ಇಲ್ಲ.
ಬಾನೆಟ್ಟಿನ ಹಿಂದಿನ ಚರಂಡಿ. ಇಲ್ಲ.
ಗಾಜಿನ ಅಂಚು. ಇಲ್ಲ.
ಹೊರಗಿನಿಂದ ಕೂಗಿದರು: ಚೋರ್ಚ ಉಂಟಾ?
ಸೋರಿಕೆ ಇಲ್ಲ, ಎಂದೆ ಒಳಗಿನಿಂದ.
ಒಂದಕ್ಷರದ ವಾಶರು ಬದಲಾದರೂ
ಇಬ್ಬರೂ ಕಾಯುತ್ತಿದ್ದ ನೀರು ಅದೇ.

ಟಾಪಿನ ಅಂಚಿಗೆ ಬಂದಾಗ
ಕಂಬದ ಒಳಗಿನಿಂದ ಒಂದು ಹನಿ
ಹಳದಿ ವಯರೊಂದನ್ನು ಹಿಡಿದುಕೊಂಡು
ಬಸ್ಸಿನ ಕಂಬಿ ಹಿಡಿದು ಇಳಿಯುವ ಹೆಂಗಸಿನಂತೆ,
ಆತುರವಿಲ್ಲದೆ, ಇಳಿದು,
ಪೌಡರಿನ ಮೇಲೆ ಕಾಲಿಟ್ಟಿತು.

ಬಂತು, ಬಂತು!

ಹಸೈನಾರ್ ವಯರನ್ನು ಮೆಲ್ಲ ಎಳೆದರು.
ಟೇಪು ಬಿಡಿಸಿದರು.
ಮೂರು ಸುತ್ತು ತಿರುಚಿ, ಹಿಂದಕ್ಕೆ ಮಡಚಿ,
ಮತ್ತೆ ಒಂದು ಸುತ್ತು. ಪಾಚಿಗಟ್ಟಿ ಹಸಿರಾದ ತಾಮ್ರ.
ಅದನ್ನೇ ನೋಡುತ್ತ ಕೂತರು.
ಬೀಡಿ ಹಚ್ಚಿದರು. ಅದು ಆರಿತು.

ಇದು ನನ್ನ ಗಂಟು.

ಮೈಕಿನ ಮೋಂತುವಿನ ಕಾರು ಇದು.
ಸೆವೆನ್ಸ್ ಫುಟ್ಬಾಲಿಗೆ, ಪೋಲಿಯೊ ಹನಿಗೆ,
ಕಾಣೆಯಾದ ಎಮ್ಮೆಗೆ, ಮರಣಕ್ಕೂ.
ಕುಂಬಳೆಯಿಂದ ತಲಪಾಡಿವರೆಗೆ
ಒಂದು ಗಲ್ಲಿಯಲ್ಲಿ ಕನ್ನಡ, ಮುಂದಿನದರಲ್ಲಿ ಮಲಯಾಳ,
ಮೀನು ಮಾರ್ಕೆಟಿನ ಹತ್ತಿರ ತುಳು.
ಟಾಪಿಗೆ ತೂತು ಕೊರೆದವ ನಾನೇ.
ಫ್ಯೂಸಿಲ್ಲದೆ ನೇರ ಬ್ಯಾಟರಿಗೆ ಕೊಟ್ಟೆ,
ಅವನಿಗೆ ಅವಸರ. ಯಾರೋ ತೀರಿಕೊಂಡಿದ್ದರು.
ರಬ್ಬರು ಹಾಕ್ಲಿಕ್ಕೆ ನಾಳೆ ಬಾ ಅಂದಿದ್ದೆ.

ಮತ್ತೆ?

ಮತ್ತೆ ಎಂತ. ಮಳೆ ಬಿಟ್ಟಿತು.

ಹಾರ್ಲಿಕ್ಸ್ ಬಾಟಲಿಯಿಂದ ಕಪ್ಪು ರಬ್ಬರೊಂದನ್ನು ಆಯ್ದು
ಹೆಬ್ಬೆರಳಲ್ಲಿ ಒತ್ತಿ ಕೂರಿಸಿದರು.
ವಯರು ಕತ್ತರಿಸಿದಾಗ
ಬಲ್ಬು ಆರಿತು.
ಎಷ್ಟಾಯಿತು ಎಂದರೆ ಎಂಟು ರೂಪಾಯಿ ಎಂದರು,
ರಬ್ಬರಿನದ್ದು ಮಾತ್ರ.
ನಾನು ಹತ್ತು ಕೊಟ್ಟೆ. ಚಿಲ್ಲರೆಗೆ ಹುಡುಕಾಡಿ
ಆ ನಾಲ್ಕಾಣೆಯನ್ನೂ ಸೇರಿಸಿ ಕೊಟ್ಟರು.

ಹೊಸಂಗಡಿ ಗೇಟು ತೆರೆದಿತ್ತು, ಮುಂದಿನ ಆಟೋ ಕದಲಲಿಲ್ಲ.
ಹಾರ್ನ್ ಒತ್ತಿದೆ. ಸದ್ದಿಲ್ಲ.
ಬ್ಯಾಗಿನ ತಳದಲ್ಲಿ, ಸ್ಟಾಂಪು ಪೇಪರಿನ ಮಡಿಕೆಯೊಳಗೆ
ಉಳಿದುಹೋದ ಒಂದು ಕೆಂಪು ಫ್ಯೂಸು.
ಗಾಜು ಇಳಿಸಿ ಬಾಯಲ್ಲೇ ಕೂಗಿದೆ.
ಯಾವ ಭಾಷೆಯಲ್ಲಿ ಎಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ
ಆಟೋ ಸರಿದಿತ್ತು.