ಮೂರು ಚುಕ್ಕಿ

ಮಂಡ್ಯದ ಗುತ್ತಲು ರಸ್ತೆ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮೇಲೆ
ನಮ್ಮ ‘ಸಂಜೆನಾಲೆ’ ಪತ್ರಿಕೆ. ನಾಲ್ಕು ಪುಟ, ಎರಡು ಫ್ಯಾನು.
ಹೆಸರಿಗೆ ತಕ್ಕ ಹಾಗೆ
ಮೇಲಿನವರು ತೂಬು ಎತ್ತಿದರೆ ಹರಿಯುತ್ತದೆ.
ನಾನು ಪುಟ ಕಟ್ಟುವವನು. ಸುದ್ದಿ ಬರೆಯುವವನಲ್ಲ.
ಹತ್ತೊಂಬತ್ತು ವರ್ಷದಿಂದ ಹೀಗೇ ಹೇಳಿಕೊಂಡು ಬಂದಿದ್ದೇನೆ.

ಡೇರಿ ಎಲೆಕ್ಷನ್ನಿಗೆ ಒಂಬತ್ತು ದಿನ ಇರುವಾಗ
ಕಂಠಿ ಒಂದು ಪೆನ್‌ಡ್ರೈವ್ ತಂದು ನನ್ನ ಟೀ ಲೋಟದ ಪಕ್ಕ ಇಟ್ಟ.
‘ಜಯಶೀಲಮ್ಮಂದು. ಫೋನಿನ ಗಾಜು ಒಡೆದು ರಿಪೇರಿಗೆ ಬಿಟ್ಟಿದ್ಲು.
ಅವಳಿಗೇ ಗೊತ್ತಿಲ್ಲ, ಫೋನು ತಾನೇ ಎಲ್ಲಾ ರೆಕಾರ್ಡ್ ಮಾಡ್ಕೊತಿತ್ತು.
ಗಾಜು ಕೂರಿಸ್ತಾ ಕೂರಿಸ್ತಾ ಅಂಗಡಿ ಹುಡುಗ ಒಳಗಿರೋದನ್ನೂ ಎತ್ಕೊಂಡ.’
ಎಷ್ಟು ಕೊಟ್ಟೆ ಅಂತ ನಾನು ಕೇಳಲಿಲ್ಲ.
ಎಷ್ಟು ಬಂತು ಅಂತಲೂ.

ಕಿವಿಗೆ ಸಿಕ್ಕಿಸಿಕೊಂಡು ಕೂತೆ. ಅಕ್ಕನ ಜೊತೆ ಹನ್ನೊಂದು ನಿಮಿಷದ ಮಾತು.
ಕುಕ್ಕರ್ ಕೂಗುತ್ತದೆ. ಯಾವುದೋ ಮಗು ಮೆಂಡರ್ ಎಲ್ಲಿ ಅಂತ ಕೇಳುತ್ತದೆ.
ಗಂಡನ ಸಕ್ಕರೆ ಕಾಯಿಲೆ, ಹಸು ಗಬ್ಬ ನಿಲ್ಲದೇ ಹೋದದ್ದು,
ಡೇರಿಯ ಹಾಲಿಗಿಂತ ಲೆಕ್ಕದಲ್ಲೇ ನೀರು ಜಾಸ್ತಿ ಅನ್ನುವುದು,
ಆಮೇಲೆ ರಾತ್ರಿ ಯಾರೋ ಜಗುಲಿ ಮೇಲೆ ಒಂದು ಚೀಲ ಇಟ್ಟುಹೋದದ್ದು.
ಅಲ್ಲಿ ಅವಳು ಅಳುತ್ತಾಳೆ.

ಅಳುವುದನ್ನು ಹೇಗೆ ಅಚ್ಚು ಹಾಕುವುದು?
ನುಡಿಯಲ್ಲಿ ಎಲ್ಲದಕ್ಕೂ ಕೀಲಿ ಇದೆ. ಒತ್ತಿಗೆ, ಅರ್ಕಾವೊತ್ತಿಗೆ,
ಯಾರೂ ಬಳಸದ ೠಕಾರಕ್ಕೆ ಕೂಡ.
ಬಿಕ್ಕಿದ್ದಕ್ಕೆ ಇಲ್ಲ.
ಮೂರು ಚುಕ್ಕಿ ಇಟ್ಟೆ.
ಅಕ್ಕ ‘ಹೇಳವ್ವ’ ಅಂದಮೇಲೂ ಅವಳು ಹೇಳದ ಕಡೆ ಮೂರು.
ಮೂಗು ಒರೆಸಿಕೊಂಡ ಕಡೆ ಮೂರು.
ನಾಲ್ಕನೆಯದು ಇಟ್ಟರೆ ಸಂಪಾದಕ ರುದ್ರಾರಾಧ್ಯರು ಅಳಿಸುತ್ತಾರೆ,
ವ್ಯಾಕರಣದ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು.

ನಾಲ್ಕು ಗಂಟೆಗೆ ಬಂದರು. ನನ್ನ ಹೆಗಲ ಮೇಲಿಂದ ಬಗ್ಗಿ,
ಏಲಕ್ಕಿ ವಾಸನೆಯ ಉಸಿರು ಬಿಡುತ್ತ ಓದಿದರು.
ಒಂದು ಕಡೆ ಬೆರಳಿಟ್ಟರು.
‘ಇಲ್ಲೂ ಮೂರು ಚುಕ್ಕಿ ಹಾಕಪ್ಪ.’
ಹಾಕಿದೆ.
ಪಕ್ಕದ ಪುಟದ ತುಂಬ ಮಾಜಿ ಮಂತ್ರಿಗಳ ಹುಟ್ಟುಹಬ್ಬ, ಬಣ್ಣದಲ್ಲಿ.
ಜಯಶೀಲಮ್ಮನ ಎದುರು ನಿಂತಿದ್ದು ಅವರ ಭಾಮೈದ.
ಆ ಜೋಲುಗಲ್ಲ ತಿದ್ದುವುದಕ್ಕೇ ನನಗೆ ಒಂದು ಗಂಟೆ ಹಿಡಿಯಿತು.

ಅವಳು ಸೋತಳು. ಒಳಪುಟದಲ್ಲಿ ಎರಡು ಸಾಲು.
ಕಂಠಿಗೆ ಹೊಸ ಬಡಾವಣೆಯಲ್ಲಿ ಮೂಲೆ ಸೈಟಾಯಿತು.
ನನಗೆ ದೀಪಾವಳಿಗೆ ಒಂದು ಪ್ಯಾಂಟ್ ಪೀಸು. ಹೊಲಿಸಿ ಹಾಕಿಕೊಂಡೆ,
ಸುಳ್ಳು ಯಾಕೆ.

ಕಾರ್ತಿಕದ ಒಂದು ಮಧ್ಯಾಹ್ನ, ಕರೆಂಟಿಲ್ಲ,
ಮೆಟ್ಟಿಲ ಮೇಲೆ ಚಪ್ಪಲಿ ಸದ್ದು.
‘ಹದಿನೇಳನೇ ತಾರೀಕಿನ ಪೇಪರ್ ಬೇಕಿತ್ತು ಸಾರ್.’
ತಿರುಗುವ ಮೊದಲೇ ಗೊತ್ತಾಯಿತು.
ಆ ದನಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದೆಳೆದು
ನಲವತ್ತು ಸಲ ಕೇಳಿದವನು ನಾನು.
ಅವಳು ನನ್ನನ್ನು ಅವತ್ತೇ ಮೊದಲು ನೋಡುತ್ತಿದ್ದಳು.
ಮೆಂಡರ್ ಸಿಕ್ಕಿತೇನಮ್ಮ ಎಂದು ಕೇಳಲು ಬಾಯಿ ಬಂದಿತ್ತು, ನೋಡಿ,
ಎಂಥ ಕರ್ಮ.

ಹುಡುಕಿ ಒಂದು ಪ್ರತಿ ಕೊಟ್ಟೆ. ನಾಲ್ಕು ರೂಪಾಯಿ.
ರಸೀದಿ ಬೇಕೆಂದಳು, ಕೋರ್ಟಿಗೆ.
ನಾನು ಪೆನ್ನು ಬಿಚ್ಚುವಷ್ಟರಲ್ಲಿ ಅವಳು ಪೇಪರನ್ನು ಮೇಜಿನ ಮೇಲೆ ಹರಡಿ
ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಹೋಗಿ
ಒಂದು ಕಡೆ ನಿಲ್ಲಿಸಿದಳು.

‘ಆ ದುಡ್ಡು ನಂಗೆ ...’

‘ಅತ್ತಿದ್ದು ನಿಜ ಸಾರ್. ಮಾತು ಹೊರಡದೆ ಕೂತಿದ್ದೂ ನಿಜ.
ಇಲ್ಲಿ ಮಾತ್ರ ನಾನು ಸುಮ್ನಿರ್ಲಿಲ್ಲ.
ಇಲ್ಲಿ ಬ್ಯಾಡ ಅಂದಿದ್ದೆ.
ಎರಡು ಸಲ ಅಂದಿದ್ದೆ.’

ರಸೀದಿ ಪುಸ್ತಕದಲ್ಲಿ ‘ಬಾಬ್ತು’ ಅಂತ ಅಚ್ಚಾಗಿದೆ.
ಅದರ ಮುಂದೆ ತುಂಬುವುದಕ್ಕೆ ಬರೀ ಚುಕ್ಕಿ, ಒಂದು ಸಾಲಿನ ಉದ್ದಕ್ಕೂ.
ಪೆನ್ನು ಹಿಡಿದುಕೊಂಡು ಅವನ್ನೇ ಎಣಿಸುತ್ತಾ ಕೂತೆ.